ಒಂದೇ ಪ್ರಶ್ನೆಯನ್ನು ಮೂರು ಕಡೆ ಬರೆದಾಗ

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೂ, ಸಂಘಗಳಲ್ಲಿ ಕಂಪ್ಯೂಟರ್ ಲೆಕ್ಕ ನೋಡುವವರಿಗೂ ಆಡಿದ ಮಾತು ಇದು. ಬೋರ್ಡಿನ ಮೇಲೆ ಬರೆದದ್ದನ್ನೂ ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರಹಕ್ಕೆ ಇಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಪಟ್ಟಿಯ ಕತೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಅಡಿಕೆ ಖರೀದಿ ಸಂಘಕ್ಕೆ ನಾನು ಎಸ್‌ಕ್ಯೂಎಲ್ ಕ್ವೆರಿಗಳನ್ನು, ಅಂದರೆ ಡೇಟಾಬೇಸ್‌ಗೆ ಅದರ ಭಾಷೆಯಲ್ಲಿ ಕೇಳುವ ಪ್ರಶ್ನೆಗಳನ್ನು, ಬರೆದುಕೊಡುತ್ತಿದ್ದೆ. ಆ ವರ್ಷ 500 ಕಿಲೋಗಿಂತ ಜಾಸ್ತಿ ಅಡಿಕೆ ಕೊಟ್ಟ ಸದಸ್ಯರಿಗೆ ಬೋನಸ್ ಕೊಡುವುದು ಎಂದು ತೀರ್ಮಾನವಾಗಿತ್ತು. ನಾನು ಪಟ್ಟಿ ತೆಗೆದುಕೊಟ್ಟೆ. ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು. ಮಾರನೇ ದಿನ ಹಿರಿಯರೊಬ್ಬರು ಬಂದು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: "ಅಲ್ಲ ಮಾರಾಯ್ರೆ, ಐನೂರರ ಮೇಲಿನವರ ಪಟ್ಟಿ ಅಂತ ಬರೆದಿದ್ದೀರಿ. ನನ್ನದು ನಾನೂರ ಎಪ್ಪತ್ತು ಅಂತ ಉಂಟಲ್ಲ, ಇದೆಂತ?"

ಅವರು ಹೇಳಿದ್ದು ಸರಿಯಾಗಿತ್ತು. ಪಟ್ಟಿಯ ತಲೆಯಲ್ಲಿ 500ಕ್ಕಿಂತ ಜಾಸ್ತಿ ಎಂದಿತ್ತು. ಅವರ ಹೆಸರಿನ ಮುಂದೆ 470 ಎಂದಿತ್ತು. ಅವರೊಬ್ಬರೇ ಅಲ್ಲ, ಇನ್ನೂ ಕೆಲವರದ್ದು ಹಾಗೇ ಇತ್ತು. ಬೋನಸ್ ತಮಗೆ ಸಲ್ಲದು ಎಂದು ತಾವಾಗಿಯೇ ಬಂದು ಹೇಳಿದ ಆ ಮನುಷ್ಯನ ಎದುರು ನನಗೆ ತುಂಬಾ ಬೇಸರವಾಯಿತು. ಮನೆಗೆ ಬಂದು ಕ್ವೆರಿ ತೆರೆದು ನೋಡಿದೆ. ಇವತ್ತು ನಾನು ಹೇಳಬೇಕೆಂದಿರುವುದು ಆವತ್ತು ಕಂಡದ್ದನ್ನೇ.

ಮೊದಲು ಬರೆದಾಗ ಕ್ವೆರಿ ಹೆಚ್ಚುಕಡಿಮೆ ಹೀಗಿತ್ತು:

    ಸೆಲೆಕ್ಟ್ ಸ.ಹೆಸರು,
      (ಸೆಲೆಕ್ಟ್ ಸಮ್(ತೂಕ) ಫ್ರಮ್ ಖರೀದಿ ವೇರ್ ಸದಸ್ಯ = ಸ.ಸಂಖ್ಯೆ) ಆ್ಯಸ್ ಒಟ್ಟು_ತೂಕ,
      (ಸೆಲೆಕ್ಟ್ ಸಮ್(ಮೊತ್ತ) ಫ್ರಮ್ ಖರೀದಿ ವೇರ್ ಸದಸ್ಯ = ಸ.ಸಂಖ್ಯೆ)
        / (ಸೆಲೆಕ್ಟ್ ಸಮ್(ತೂಕ) ಫ್ರಮ್ ಖರೀದಿ ವೇರ್ ಸದಸ್ಯ = ಸ.ಸಂಖ್ಯೆ) ಆ್ಯಸ್ ಸರಾಸರಿ_ದರ
    ಫ್ರಮ್ ಸದಸ್ಯರು ಸ
    ವೇರ್ (ಸೆಲೆಕ್ಟ್ ಸಮ್(ತೂಕ) ಫ್ರಮ್ ಖರೀದಿ ವೇರ್ ಸದಸ್ಯ = ಸ.ಸಂಖ್ಯೆ) > 500
    ಆರ್ಡರ್ ಬೈ ಒಟ್ಟು_ತೂಕ ಡೆಸ್ಕ್

ಇಲ್ಲಿ ಒಂದು ಮಾತು. ಬೋರ್ಡಿನಲ್ಲಿ ಸೆಲೆಕ್ಟ್, ಫ್ರಮ್ ಎಲ್ಲವನ್ನೂ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ಗೆ ಕೊಡುವಾಗ ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಆದರೆ ಟೇಬಲ್ ಹೆಸರು, ಕಾಲಂ ಹೆಸರು ಕನ್ನಡದಲ್ಲೇ ಇರಬಹುದು. ಡೇಟಾಬೇಸ್ ಸಾಫ್ಟ್‌ವೇರ್‌ಗಳಲ್ಲಿ ಪೋಸ್ಟ್‌ಗ್ರೆಸ್ ಒಪ್ಪುತ್ತದೆ, ಮೈಎಸ್‌ಕ್ಯೂಎಲ್ ಕೂಡ ಒಪ್ಪುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಹೆಸರಿಗೆ 63 ಬೈಟ್ ಜಾಗ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆ 3 ಬೈಟ್ ತೆಗೆದುಕೊಳ್ಳುತ್ತದೆ. ಅಂದರೆ 21 ಚಿಹ್ನೆ. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಒಟ್ಟು_ತೂಕ' ಎಂಬಷ್ಟಕ್ಕೆ ಧಾರಾಳ ಸಾಕು.

ಈಗ ಕ್ವೆರಿ ನೋಡಿ. 'ಈ ಸದಸ್ಯ ಒಟ್ಟು ಎಷ್ಟು ಕಿಲೋ ಕೊಟ್ಟಿದ್ದಾನೆ?' ಎಂಬ ಒಂದೇ ಪ್ರಶ್ನೆ ಮೂರು ಕಡೆ ಇದೆ. ತೋರಿಸಲು ಒಂದು, ಭಾಗಿಸಲು ಒಂದು, ಸೋಸಲು ಒಂದು. ಮೊದಲು ಬರೆದಾಗ ಮೂರೂ ಒಂದೇ ಥರ ಇದ್ದವು. ಉತ್ತರವೂ ಸರಿ ಬರುತ್ತಿತ್ತು. ನಡುವೆ ಸಂಘದವರು ರದ್ದಾದ ಚೀಟಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದರು. ನಾನು ಮೇಲಿನ ಸಬ್‌ಕ್ವೆರಿಗಳಿಗೆ, ಅಂದರೆ ಆವರಣದೊಳಗಿನ ಸಣ್ಣ ಕ್ವೆರಿಗಳಿಗೆ, 'ರದ್ದು = 0' (ರದ್ದಾಗದವು ಮಾತ್ರ) ಎಂದು ಸೇರಿಸಿದೆ. ಕೆಳಗೆ ಸೋಸುವ ವೇರ್‌ನಲ್ಲಿ ಇದ್ದದ್ದಕ್ಕೆ ಸೇರಿಸಲು ಮರೆತೆ. ಹಾಗಾಗಿ ಸೋಸುವಾಗ ರದ್ದಾದ ಚೀಟಿಯೂ ಸೇರಿ 500 ದಾಟಿತು. ತೋರಿಸುವಾಗ ಅದನ್ನು ಕಳೆದು 470 ಬಂತು.

ಡೇಟಾಬೇಸ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಕೊಡುವುದು ಅದಕ್ಕೆ ಸಾಧ್ಯವೂ ಇಲ್ಲ. ಅದರ ಮಟ್ಟಿಗೆ ಅವು ಬೇರೆ ಬೇರೆ ಪ್ರಶ್ನೆಗಳು. ಮೂರೂ ಒಂದೇ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು, ಕ್ವೆರಿಯಲ್ಲಿ ಇರಲಿಲ್ಲ.

ಸಬ್‌ಕ್ವೆರಿಯನ್ನು ಮತ್ತೆ ಮತ್ತೆ ಬರೆಯಬೇಡಿ ಎಂದು ಹೇಳುವವರು ಸಾಮಾನ್ಯವಾಗಿ ವೇಗದ ಕಾರಣ ಕೊಡುತ್ತಾರೆ. ವೇಗದ ಲೆಕ್ಕ ಹಾಕಿಯೇ ನೋಡೋಣ. ಉದಾಹರಣೆಗೆ 1,200 ಸದಸ್ಯರು, 60,000 ಖರೀದಿ ಚೀಟಿಗಳು ಎಂದಿಟ್ಟುಕೊಳ್ಳಿ. ವೇರ್‌ನಲ್ಲಿರುವ ಸಬ್‌ಕ್ವೆರಿ 1,200 ಸಲ ಓಡಬೇಕು. ಅದರಲ್ಲಿ 400 ಜನ ದಾಟಿದರೆ, ಮೇಲಿನ ಮೂರು ಸಬ್‌ಕ್ವೆರಿಗಳು ಆ 400 ಜನರಿಗೆ ಒಂದೊಂದು ಸಲ, ಅಂದರೆ ಇನ್ನೂ 1,200 ಸಲ. ಒಟ್ಟು 2,400. ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ, ಇಲ್ಲದಿದ್ದರೆ ಪ್ರತಿ ಸಲವೂ 60,000 ಸಾಲು ಓದಬೇಕು. 14 ಕೋಟಿ 40 ಲಕ್ಷ ಸಾಲು. ಕುಳಿತು ಕಾಯಬೇಕಾಗುತ್ತದೆ.

ಆದರೆ ಖರೀದಿ ಟೇಬಲ್‌ನ 'ಸದಸ್ಯ' ಕಾಲಂ ಮೇಲೆ ಇಂಡೆಕ್ಸ್ ಇದ್ದರೆ? ಒಬ್ಬ ಸದಸ್ಯನಿಗೆ ಸರಾಸರಿ 50 ಚೀಟಿ. 2,400 ಸಲ 50 ಎಂದರೆ 1,20,000 ಸಾಲು. ಈಗಿನ ಯಾವ ಸಾಧಾರಣ ಕಂಪ್ಯೂಟರ್‌ಗೂ ಅದು ದೊಡ್ಡದಲ್ಲ. ನನ್ನ ಕ್ವೆರಿಯೂ ಹಾಗೇ ಇತ್ತು. ಇಂಡೆಕ್ಸ್ ಇತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತಿತ್ತು. ಬೇಗ ಬಂದ ಆ ಉತ್ತರ ತಪ್ಪಾಗಿತ್ತು. ಅದಕ್ಕೇ ನಾನು ವೇಗವನ್ನು ಎರಡನೇ ಕಾರಣ ಎನ್ನುತ್ತೇನೆ. ಒಂದೇ ಪ್ರಶ್ನೆ ಮೂರು ಜಾಗದಲ್ಲಿ ಇದ್ದರೆ ಒಂದಲ್ಲ ಒಂದು ದಿನ ಅವು ಮೂರು ಬೇರೆ ಪ್ರಶ್ನೆಗಳಾಗುತ್ತವೆ. ಮೊದಲ ಕಾರಣ ಅದು.

ಖಾತೆ ಪುಸ್ತಕದ ಕಾಲದ ಗುಮಾಸ್ತರನ್ನು ನೀವು ನೋಡಿರಬಹುದು. ಒಬ್ಬ ಸದಸ್ಯನ ಪುಟದ ಕೆಳಗೆ ಒಂದೇ ಸಲ ಬೇರೀಜು ಹಾಕಿಡುತ್ತಿದ್ದರು. ಬೋನಸ್‌ಗೂ ಅದೇ ಅಂಕಿ, ಸರಾಸರಿಗೂ ಅದೇ ಅಂಕಿ. ತಪ್ಪಾದರೆ ತಿದ್ದಬೇಕಾದ ಜಾಗವೂ ಒಂದೇ.

ಎಸ್‌ಕ್ಯೂಎಲ್‌ನಲ್ಲಿ ಆ ಬೇರೀಜಿನ ಜಾಗ ಯಾವುದು? ತುಂಬಾ ಜನ ಮೊದಲು ಯೋಚಿಸುವುದು ಹೀಗೆ: ಮೇಲೆ 'ಒಟ್ಟು_ತೂಕ' ಎಂದು ಹೆಸರು ಕೊಟ್ಟಾಗಿದೆ, ಕೆಳಗೆ 'ವೇರ್ ಒಟ್ಟು_ತೂಕ > 500' ಎಂದರೆ ಆಯಿತಲ್ವಾ? ಆಗುವುದಿಲ್ಲ. ಬರೆಯುವಾಗ ಸೆಲೆಕ್ಟ್ ಮೊದಲು ಬರುತ್ತದೆ, ಆದರೆ ಅರ್ಥದ ಕ್ರಮದಲ್ಲಿ ಅದು ತುಂಬಾ ಹಿಂದೆ. ಮೊದಲು ಫ್ರಮ್ (ಯಾವ ಟೇಬಲ್), ಆಮೇಲೆ ವೇರ್ (ಸಾಲು ಸೋಸುವುದು), ಆಮೇಲೆ ಗ್ರೂಪ್ ಬೈ (ಗುಂಪು ಮಾಡುವುದು), ಹ್ಯಾವಿಂಗ್ (ಗುಂಪು ಸೋಸುವುದು), ಅದಾದ ಮೇಲೆ ಸೆಲೆಕ್ಟ್ (ತೋರಿಸುವುದು), ಕೊನೆಗೆ ಆರ್ಡರ್ ಬೈ (ಜೋಡಿಸುವುದು). ವೇರ್ ನಡೆಯುವಾಗ ಆ ಹೆಸರು ಇನ್ನೂ ಹುಟ್ಟಿರುವುದಿಲ್ಲ. ಆರ್ಡರ್ ಬೈ ಹೊತ್ತಿಗೆ ಹುಟ್ಟಿರುತ್ತದೆ, ಅದಕ್ಕೇ ಅಲ್ಲಿ ನಡೆಯುತ್ತದೆ. ಈ ಒಂದು ಕ್ರಮ ಗೊತ್ತಿಲ್ಲದೆ ಸಬ್‌ಕ್ವೆರಿಯನ್ನು ನಕಲು ಮಾಡಿ ವೇರ್‌ಗೆ ಅಂಟಿಸುವವರೇ ಜಾಸ್ತಿ. ನಾನೂ ಹಾಗೆಯೇ ಮಾಡಿದ್ದೆ.

ಹೆಸರು ಮೊದಲೇ ಹುಟ್ಟಬೇಕಾದರೆ ಅದು ಫ್ರಮ್‌ನಲ್ಲಿ ಇರಬೇಕು. ಅದಕ್ಕೆ ಇರುವ ಚಂದದ ದಾರಿ 'ವಿತ್':

    ವಿತ್ ಒಟ್ಟು ಆ್ಯಸ್ (
      ಸೆಲೆಕ್ಟ್ ಸದಸ್ಯ, ಸಮ್(ತೂಕ) ಆ್ಯಸ್ ತೂಕ, ಸಮ್(ಮೊತ್ತ) ಆ್ಯಸ್ ಮೊತ್ತ
      ಫ್ರಮ್ ಖರೀದಿ
      ವೇರ್ ರದ್ದು = 0
      ಗ್ರೂಪ್ ಬೈ ಸದಸ್ಯ
    )
    ಸೆಲೆಕ್ಟ್ ಸ.ಹೆಸರು, ಒ.ತೂಕ, ಒ.ಮೊತ್ತ / ಒ.ತೂಕ ಆ್ಯಸ್ ಸರಾಸರಿ_ದರ
    ಫ್ರಮ್ ಸದಸ್ಯರು ಸ
    ಜಾಯಿನ್ ಒಟ್ಟು ಒ ಆನ್ ಒ.ಸದಸ್ಯ = ಸ.ಸಂಖ್ಯೆ
    ವೇರ್ ಒ.ತೂಕ > 500
    ಆರ್ಡರ್ ಬೈ ಒ.ತೂಕ ಡೆಸ್ಕ್

'ರದ್ದು = 0' ಈಗ ಒಂದೇ ಕಡೆ ಇದೆ. ನಾಳೆ ಇನ್ನೊಂದು ನಿಯಮ ಬಂದರೂ ತಿದ್ದುವ ಜಾಗ ಒಂದೇ. 60,000 ಸಾಲುಗಳನ್ನು ಒಂದು ಸಲ ಓದಿದರೆ ಸಾಕು.

ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಭಾಷೆಯನ್ನು ಸೀಕ್ವೆಲ್ ಎಂಬ ಹೆಸರಿನಲ್ಲಿ 1974ರಲ್ಲಿ ಮುಂದಿಟ್ಟರು. ಪ್ರಶ್ನೆಯೊಳಗೆ ಪ್ರಶ್ನೆ ಇಡುವುದು ಆಗಲೇ ಇತ್ತು. ಒಳಗಿನ ಪ್ರಶ್ನೆಗೆ ಹೀಗೆ ಹೆಸರಿಟ್ಟು ಕರೆಯುವ 'ವಿತ್' ಸ್ಟ್ಯಾಂಡರ್ಡ್‌ಗೆ ಬಂದದ್ದು 1999ರಲ್ಲಿ, 25 ವರ್ಷದ ಮೇಲೆ. ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, 8.4ನೇ ಆವೃತ್ತಿಯಲ್ಲಿ ಬಂತು. ಎಸ್‌ಕ್ಯೂಲೈಟ್‌ಗೆ 2014ರಲ್ಲಿ. ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ, 8.0 ಬಂದ ಮೇಲೆ. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಒಂದೇ ಸಬ್‌ಕ್ವೆರಿ ನಾಲ್ಕಾರು ಕಡೆ ಕಂಡರೆ ಬರೆದವರನ್ನು ದೂರಬೇಡಿ. ಅವರ ಕೈಯಲ್ಲಿ ಈ ಸಲಕರಣೆ ಇಲ್ಲದೆ ಇದ್ದಿರಬಹುದು.

ಮೇಲಿನ ಬದಲಾವಣೆ ಮಾಡುವಾಗ ಎರಡು ಕಡೆ ಕಾಲು ಜಾರುತ್ತದೆ. ಒಂದು ಸಣ್ಣದು. ಹಳೆಯ ಕ್ವೆರಿಯಲ್ಲಿ ಒಂದೂ ಚೀಟಿ ಇಲ್ಲದ ಸದಸ್ಯನಿಗೆ ತೂಕ ಖಾಲಿ, ಅಂದರೆ ನಲ್ ಬರುತ್ತದೆ, ಆದರೆ ಅವನ ಸಾಲು ಉಳಿಯುತ್ತದೆ. ಸುಮ್ನೆ ಜಾಯಿನ್ ಮಾಡಿದರೆ, ಅಂದರೆ ಎರಡು ಟೇಬಲ್‌ಗಳಲ್ಲಿ ಹೊಂದುವ ಸಾಲುಗಳನ್ನಷ್ಟೇ ಜೋಡಿಸಿದರೆ, ಅವನ ಸಾಲೇ ಹೋಗುತ್ತದೆ. 500ರ ಸೋಸುವಿಕೆ ಇರುವಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಎಲ್ಲ ಸದಸ್ಯರ ಪಟ್ಟಿ ಬೇಕಾದಾಗ ಹೊಂದದ ಸಾಲನ್ನೂ ಉಳಿಸುವ ಲೆಫ್ಟ್ ಜಾಯಿನ್ ಮಾಡಿ, ಖಾಲಿ ಇದ್ದಲ್ಲಿ ಕೊಅಲೆಸ್ ಎಂಬ ಫಂಕ್ಷನ್‌ನಿಂದ ಸೊನ್ನೆ ಹಾಕಬೇಕು.

ಇನ್ನೊಂದು ದೊಡ್ಡದು. ಸಂಘದಲ್ಲಿ ಖರೀದಿಯ ಜೊತೆಗೆ ಮುಂಗಡವೂ ಇರುತ್ತದೆ, ಅಲ್ವಾ? ಒಬ್ಬ ಸದಸ್ಯನ ಒಟ್ಟು ತೂಕವೂ ಬೇಕು, ಅವನು ತೆಗೆದುಕೊಂಡ ಒಟ್ಟು ಮುಂಗಡವೂ ಬೇಕು. ಸಬ್‌ಕ್ವೆರಿ ಬೇಡ ಎಂದು ಕೇಳಿದವರು ತಕ್ಷಣ ಸದಸ್ಯರು, ಖರೀದಿ, ಮುಂಗಡ ಮೂರನ್ನೂ ಒಟ್ಟಿಗೆ ಜಾಯಿನ್ ಮಾಡಿ ಗ್ರೂಪ್ ಬೈ ಹಾಕುತ್ತಾರೆ. ಏನಾಗುತ್ತದೆ ನೋಡಿ. ಒಬ್ಬನಿಗೆ 4 ಚೀಟಿ, ಒಟ್ಟು 800 ಕಿಲೋ. ಮುಂಗಡ 3 ಸಲ, ಒಟ್ಟು 30,000 ರೂಪಾಯಿ. ಜಾಯಿನ್ ಆದಾಗ ಪ್ರತಿ ಚೀಟಿಗೂ ಪ್ರತಿ ಮುಂಗಡ ಜೊತೆಯಾಗಿ 12 ಸಾಲು ಹುಟ್ಟುತ್ತವೆ. ತೂಕ ಮೂರು ಪಟ್ಟಾಗಿ 2,400 ಕಿಲೋ. ಮುಂಗಡ ನಾಲ್ಕು ಪಟ್ಟಾಗಿ 1,20,000 ರೂಪಾಯಿ. ಪಾಪ, ಅವನು ತೆಗೆದುಕೊಳ್ಳದ ಸಾಲ ಅವನ ತಲೆಗೆ ಬರುತ್ತದೆ.

ಇದಕ್ಕೆ ಮದ್ದು ಎಂದು ಕೆಲವರು ಸಮ್ ಡಿಸ್ಟಿಂಕ್ಟ್ ಹಾಕುತ್ತಾರೆ. ಅದು ಇನ್ನೂ ಅಪಾಯ. ಒಬ್ಬ 50 ಕಿಲೋದ ಎರಡು ಚೀಟಿ ಮಾಡಿಸಿದ್ದರೆ ಡಿಸ್ಟಿಂಕ್ಟ್ ಒಂದನ್ನೇ ಎಣಿಸುತ್ತದೆ. ಸರಿಯಾದ ದಾರಿ ಎಂದರೆ ಎರಡು ಹೆಸರು. 'ವಿತ್ ಒಟ್ಟು ಆ್ಯಸ್' ಎಂದು ಖರೀದಿಯ ಬೇರೀಜು, ಅಲ್ಪವಿರಾಮ ಹಾಕಿ 'ಮುಂಗಡ_ಒಟ್ಟು ಆ್ಯಸ್' ಎಂದು ಮುಂಗಡದ ಬೇರೀಜು. ಎರಡರಲ್ಲೂ ಸದಸ್ಯನಿಗೆ ಒಂದೇ ಸಾಲು. ಆಮೇಲೆ ಜಾಯಿನ್ ಮಾಡಿದರೆ ಗುಣಾಕಾರ ಆಗುವುದಿಲ್ಲ. ಮೊದಲು ಕೂಡಿಸಿ, ಆಮೇಲೆ ಸೇರಿಸಿ. ದಯವಿಟ್ಟು ಈ ಕ್ರಮವನ್ನು ಮರೆಯಬೇಡಿ. ಹಣದ ಲೆಕ್ಕದಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದು.

ಈಗ ನಮ್ಮ ಕಾಸರಗೋಡಿಗೇ ಸೇರಿದ ಒಂದು ಉದಾಹರಣೆ. ನಮ್ಮಲ್ಲಿ ಒಬ್ಬ ಮನುಷ್ಯನಿಗೆ ಕಾಗದದ ಮೇಲೆ ಮೂರು ಹೆಸರು. ಮನೆಯಲ್ಲಿ, ಶಾಲೆಯಲ್ಲಿ ಕನ್ನಡ. ಸರಕಾರಿ ಕಾಗದದಲ್ಲಿ ಮಲಯಾಳ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಂಗ್ಲಿಷ್. ಊರಿನ ಹೆಸರೂ ಹಾಗೇ. ನಾವು ಕುಂಬಳೆ ಎಂದರೆ ಅಲ್ಲಿ ಕುಂಬಳ, ನಾವು ಮಂಜೇಶ್ವರ ಎಂದರೆ ಅಲ್ಲಿ ಮಂಜೇಶ್ವರಂ. 1956ರ ನವೆಂಬರ್ 1ರಂದು ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರು ಇದನ್ನು ನಿಭಾಯಿಸಿಕೊಂಡು ಬಂದಿದ್ದಾರೆ. ಡೇಟಾಬೇಸ್‌ನಲ್ಲಿ ನಿಭಾಯಿಸುವುದು ನಮ್ಮ ಕೆಲಸ. ಮೂರು ರೂಪಗಳಿಗೂ ಸಮಾನ ಜಾಗ ಕೊಡಬೇಕು. ಕನ್ನಡ ಹೆಸರನ್ನು ಇಂಗ್ಲಿಷ್‌ನಿಂದ ಊಹಿಸಿ ಬರೆಯಬಾರದು. ಆಗುವುದಾದರೆ 'ಹೆಸರುಗಳು' ಎಂಬ ಟೇಬಲ್ ಮಾಡಿ, ಸದಸ್ಯ, ಭಾಷೆ, ರೂಪ ಎಂಬ ಮೂರು ಕಾಲಂ ಇಡುವುದು ಒಳ್ಳೆಯದು.

ರಶೀದಿಯಲ್ಲಿ ಮೂರು ರೂಪವೂ ಬೇಕು. ಆಗ ಮತ್ತೆ ಮೂರು ಸಬ್‌ಕ್ವೆರಿ ಬರೆಯುವ ಆಸೆಯಾಗುತ್ತದೆ: ಭಾಷೆ ಕನ್ನಡ ಇದ್ದದ್ದು ಒಂದು, ಮಲಯಾಳ ಇದ್ದದ್ದು ಒಂದು, ಇಂಗ್ಲಿಷ್ ಇದ್ದದ್ದು ಒಂದು. ಬದಲಿಗೆ ಟೇಬಲ್ ಅನ್ನು ಒಂದೇ ಸಲ ಓದಿ ಹೀಗೆ ಹಂಚಬಹುದು:

    ಸೆಲೆಕ್ಟ್ ಸದಸ್ಯ,
      ಮ್ಯಾಕ್ಸ್(ಕೇಸ್ ವೆನ್ ಭಾಷೆ = 'ಕನ್ನಡ' ದೆನ್ ರೂಪ ಎಂಡ್) ಆ್ಯಸ್ ಕನ್ನಡದಲ್ಲಿ,
      ಮ್ಯಾಕ್ಸ್(ಕೇಸ್ ವೆನ್ ಭಾಷೆ = 'ಮಲಯಾಳ' ದೆನ್ ರೂಪ ಎಂಡ್) ಆ್ಯಸ್ ಮಲಯಾಳದಲ್ಲಿ,
      ಮ್ಯಾಕ್ಸ್(ಕೇಸ್ ವೆನ್ ಭಾಷೆ = 'ಇಂಗ್ಲಿಷ್' ದೆನ್ ರೂಪ ಎಂಡ್) ಆ್ಯಸ್ ಇಂಗ್ಲಿಷ್‌ನಲ್ಲಿ
    ಫ್ರಮ್ ಹೆಸರುಗಳು
    ಗ್ರೂಪ್ ಬೈ ಸದಸ್ಯ

ಅಡಿಕೆಯ ದರ್ಜೆವಾರು ಲೆಕ್ಕವೂ ಹೀಗೇ. ಹೊಸ ಅಡಿಕೆ ಎಷ್ಟು, ಚೋಲ್ ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ನಾಲ್ಕು ಸಲ ಟೇಬಲ್ ಓದಬೇಕಿಲ್ಲ. ಮ್ಯಾಕ್ಸ್ ಬದಲು ಸಮ್ ಹಾಕಿದರೆ ಆಯಿತು. ಪೋಸ್ಟ್‌ಗ್ರೆಸ್‌ನಲ್ಲಿ 2014ರ 9.4ರಿಂದ 'ಫಿಲ್ಟರ್' ಎಂಬ ಇನ್ನೂ ಓದಲು ಸುಲಭವಾದ ರೂಪ ಇದೆ.

ಆದರೆ ಇದ್ದವುಗಳಲ್ಲಿ ಅತಿ ದೊಡ್ಡದೊಂದನ್ನು ಕೊಡುವ ಮ್ಯಾಕ್ಸ್ ಒಂದು ವಿಷಯವನ್ನು ಮುಚ್ಚಿಹಾಕುತ್ತದೆ. ಒಬ್ಬ ಸದಸ್ಯನಿಗೆ ತಪ್ಪಿ ಎರಡು ಮಲಯಾಳ ಹೆಸರು ಸೇರಿದ್ದರೆ, ಹಳೆಯ ಸಬ್‌ಕ್ವೆರಿ 'ಒಂದಕ್ಕಿಂತ ಜಾಸ್ತಿ ಸಾಲು ಬಂತು' ಎಂದು ದೋಷ ತೋರಿಸಿ ನಿಲ್ಲುತ್ತಿತ್ತು. ಮ್ಯಾಕ್ಸ್ ಸದ್ದಿಲ್ಲದೆ ಒಂದನ್ನು ಆರಿಸುತ್ತದೆ. ಹಾಗಾಗಿ ಟೇಬಲ್ ಮಾಡುವಾಗಲೇ ಸದಸ್ಯ ಮತ್ತು ಭಾಷೆ ಎರಡೂ ಸೇರಿ ಯುನೀಕ್ ಆಗಿರಬೇಕು ಎಂಬ ಕಟ್ಟು ಹಾಕಿಬಿಡಿ.

ಇನ್ನೊಂದು ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಪ್ರತಿ ಸದಸ್ಯನ ಕೊನೆಯ ಚೀಟಿ ಯಾವುದು? ಅದರ ದಿನಾಂಕ, ದರ, ತೂಕ ಬೇಕು. ಮೂರು ಸಬ್‌ಕ್ವೆರಿ ಬರೆದು ಒಂದೊಂದರಲ್ಲೂ 'ದಿನಾಂಕದ ಪ್ರಕಾರ ಜೋಡಿಸಿ ಮೊದಲನೆಯದು ಕೊಡು' ಎನ್ನುವುದು ರೂಢಿ. ಒಂದೇ ದಿನ ಇಬ್ಬಗೆಯ ಅಡಿಕೆಗೆ ಎರಡು ಚೀಟಿ ಆಗಿದ್ದರೆ? ಆ ಎರಡರಲ್ಲಿ ಯಾವುದು ಮೊದಲು ಎಂದು ನೀವು ಹೇಳಿಲ್ಲ. ಡೇಟಾಬೇಸ್ ಯಾವುದನ್ನು ಬೇಕಾದರೂ ಕೊಡಬಹುದು. ಒಂದು ಸಬ್‌ಕ್ವೆರಿ ಪಟೋರದ ದರ ತರಬಹುದು, ಇನ್ನೊಂದು ಚೋಲ್‌ನ ತೂಕ ತರಬಹುದು. ಎರಡನ್ನೂ ಒಂದೇ ಸಾಲಿನಲ್ಲಿ ನೋಡಿದವರು ಅದು ಒಂದೇ ಚೀಟಿ ಎಂದು ನಂಬುತ್ತಾರೆ. ಅಂಥ ಚೀಟಿ ಸಂಘದ ಪುಸ್ತಕದಲ್ಲೇ ಇರುವುದಿಲ್ಲ.

ಇಲ್ಲಿ ವಿಂಡೋ ಫಂಕ್ಷನ್, ಅಂದರೆ ಸಾಲುಗಳನ್ನು ಒಂದಾಗಿಸದೆ ಗುಂಪಿನೊಳಗೆ ಲೆಕ್ಕ ಹಾಕುವ ಫಂಕ್ಷನ್, ಉಪಯೋಗಕ್ಕೆ ಬರುತ್ತದೆ:

    ವಿತ್ ಸಾಲಾಗಿ ಆ್ಯಸ್ (
      ಸೆಲೆಕ್ಟ್ ಸದಸ್ಯ, ದಿನಾಂಕ, ದರ, ತೂಕ,
        ರೋ_ನಂಬರ್() ಓವರ್ (ಪಾರ್ಟಿಷನ್ ಬೈ ಸದಸ್ಯ
                          ಆರ್ಡರ್ ಬೈ ದಿನಾಂಕ ಡೆಸ್ಕ್, ಚೀಟಿ_ಸಂಖ್ಯೆ ಡೆಸ್ಕ್) ಆ್ಯಸ್ ಕ್ರಮ
      ಫ್ರಮ್ ಖರೀದಿ
    )
    ಸೆಲೆಕ್ಟ್ ಸದಸ್ಯ, ದಿನಾಂಕ, ದರ, ತೂಕ ಫ್ರಮ್ ಸಾಲಾಗಿ ವೇರ್ ಕ್ರಮ = 1

ಪ್ರತಿ ಸದಸ್ಯನ ಚೀಟಿಗಳನ್ನು ಹೊಸದರಿಂದ ಹಳೆಯದಕ್ಕೆ ಸಾಲಾಗಿ ನಿಲ್ಲಿಸಿ, ಮೊದಲ ಚೀಟಿಯನ್ನು ಇಡೀ ಎತ್ತಿಕೊಳ್ಳುತ್ತೇವೆ. ದರ, ತೂಕ, ದಿನಾಂಕ ಮೂರೂ ಒಂದೇ ಕಾಗದದಿಂದ ಬರುತ್ತವೆ. ದಿನಾಂಕ ಒಂದೇ ಆದರೆ ಚೀಟಿ ಸಂಖ್ಯೆ ತೀರ್ಮಾನ ಮಾಡುತ್ತದೆ.

ಇನ್ನು 'ವಿತ್' ಬಗ್ಗೆ ಒಂದು ತಪ್ಪು ನಂಬಿಕೆ. ಒಂದು ಸಲ ಬರೆದರೆ ಒಂದೇ ಸಲ ಓಡುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಒಂದು ಸಲ ಬರೆಯುವುದು ನಿಮ್ಮ ಕೈಯಲ್ಲಿದೆ. ಎಷ್ಟು ಸಲ ಓಡಿಸುವುದು ಡೇಟಾಬೇಸ್ ಕೈಯಲ್ಲಿದೆ. ಪೋಸ್ಟ್‌ಗ್ರೆಸ್ 11ರವರೆಗೆ ವಿತ್ ಒಳಗಿನದನ್ನು ಯಾವಾಗಲೂ ಬೇರೆಯಾಗಿ ಲೆಕ್ಕಮಾಡಿ ಇಟ್ಟುಕೊಳ್ಳುತ್ತಿತ್ತು. 2019ರ 12ನೇ ಆವೃತ್ತಿಯಿಂದ, ಒಂದೇ ಕಡೆ ಬಳಸಿದ ಸಾದಾ ವಿತ್ ಅನ್ನು ಮುಖ್ಯ ಕ್ವೆರಿಯೊಳಗೆ ಸೇರಿಸಿಕೊಳ್ಳುತ್ತದೆ. ಎರಡು ಕಡೆ ಬಳಸಿದರೆ ಒಂದು ಸಲ ಲೆಕ್ಕಮಾಡಿ ಇಡುತ್ತದೆ. ನಮಗೆ ಬೇರೆ ಥರ ಬೇಕಿದ್ದರೆ 'ಮೆಟೀರಿಯಲೈಸ್ಡ್' (ಲೆಕ್ಕಮಾಡಿ ಇಡು) ಅಥವಾ 'ನಾಟ್ ಮೆಟೀರಿಯಲೈಸ್ಡ್' (ಹಾಗೆ ಇಡಬೇಡ) ಎಂದು ಹೇಳಬಹುದು. ಮೈಎಸ್‌ಕ್ಯೂಎಲ್ 8.0 ನಮ್ಮ 'ಒಟ್ಟು' ಥರದ, ಗುಂಪು ಮಾಡುವ ವಿತ್ ಅನ್ನು ಒಂದು ಸಲ ಲೆಕ್ಕಮಾಡಿ ಎಲ್ಲ ಕಡೆ ಅದನ್ನೇ ಬಳಸುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಹಾಗಲ್ಲ. ಅಲ್ಲಿ ವಿತ್ 2005ರಿಂದ ಇದ್ದರೂ ಅದು ಬರಿಯ ಹೆಸರು. ಎಷ್ಟು ಕಡೆ ಕರೆಯುತ್ತೀರೋ ಅಷ್ಟು ಕಡೆ ಬಿಡಿಸಿ ಬರೆದ ಹಾಗೆಯೇ. ಒಳಗೆ ನ್ಯೂಐಡಿ ಥರ ಪ್ರತಿ ಸಲ ಬೇರೆ ಉತ್ತರ ಕೊಡುವ ಫಂಕ್ಷನ್ ಇದ್ದರೆ ಎರಡು ಕಡೆ ಎರಡು ಉತ್ತರ ಬರಬಹುದು. ಅಲ್ಲಿ ನಿಜವಾಗಿ ಒಂದೇ ಸಲ ಆಗಬೇಕಾದರೆ ತಾತ್ಕಾಲಿಕ ಟೇಬಲ್‌ಗೆ ಹಾಕಿಟ್ಟುಕೊಳ್ಳಬೇಕು.

ಒಂದು ಸಲ ಲೆಕ್ಕಮಾಡಿ ಇಡುವುದೇ ಯಾವಾಗಲೂ ಒಳ್ಳೆಯದೂ ಅಲ್ಲ. ಕೌಂಟರ್‌ನಲ್ಲಿ ಒಬ್ಬ ಸದಸ್ಯ ಬಂದು ನಿಂತಿದ್ದಾನೆ. ಅವನೊಬ್ಬನ ಲೆಕ್ಕ ಬೇಕು. ಆಗ 1,200 ಜನರ ಬೇರೀಜು ಹಾಕಿ ಇಟ್ಟು, ಅದರಿಂದ ಒಬ್ಬನನ್ನು ಹುಡುಕುವುದು ವ್ಯರ್ಥ. ಅಂಥ ಕಡೆ ಲ್ಯಾಟರಲ್ ಜಾಯಿನ್ ಹೊಂದುತ್ತದೆ. ಸದಸ್ಯನ ಸಾಲು ಕೈಗೆ ಬಂದ ಮೇಲೆ ಅವನದ್ದನ್ನಷ್ಟೇ ಕೂಡಿಸಿ, ಹೆಸರಿಟ್ಟು, ಎಷ್ಟು ಕಡೆ ಬೇಕಾದರೂ ಬಳಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ 2013ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ 8.0.14ರಿಂದ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದೇ ಕೆಲಸಕ್ಕೆ ಕ್ರಾಸ್ ಅಪ್ಲೈ.

ಏನು ನಡೆಯುತ್ತಿದೆ ಎಂದು ಊಹಿಸಬೇಡಿ, ಕೇಳಿ. ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಜ್' ಹಾಕಿ. ಪೋಸ್ಟ್‌ಗ್ರೆಸ್‌ನಲ್ಲಿ 'ಸಬ್‌ಪ್ಲಾನ್' ಎಂದು ಕಂಡು ಪಕ್ಕದಲ್ಲಿ ಲೂಪ್ಸ್ 1200 ಎಂದಿದ್ದರೆ ಆ ಸಬ್‌ಕ್ವೆರಿ ಅಷ್ಟು ಸಲ ಓಡಿದೆ ಎಂದರ್ಥ. 'ಇನಿಟ್‌ಪ್ಲಾನ್' ಎಂದಿದ್ದರೆ ಅದು ಹೊರಗಿನ ಸಾಲನ್ನು ನೆಚ್ಚಿಕೊಂಡಿಲ್ಲ, ಒಂದೇ ಸಲ ಓಡಿದೆ. ಒಂದೇ ಥರದ ಎರಡು ಸಬ್‌ಕ್ವೆರಿ ಬರೆದಿದ್ದರೆ ಪೋಸ್ಟ್‌ಗ್ರೆಸ್ ಅವು ಒಂದೇ ಎಂದು ಗುರುತಿಸುವುದಿಲ್ಲ, ಎರಡನ್ನೂ ಓಡಿಸುತ್ತದೆ. ಅದನ್ನೂ ಅಲ್ಲೇ ಕಣ್ಣಾರೆ ನೋಡಬಹುದು. ಒಂದು ಎಚ್ಚರಿಕೆ: ಎಕ್ಸ್‌ಪ್ಲೇನ್ ಅನಲೈಜ್ ಕ್ವೆರಿಯನ್ನು ನಿಜವಾಗಿ ಓಡಿಸುತ್ತದೆ. ಅಪ್‌ಡೇಟ್, ಡಿಲೀಟ್‌ಗೆ ಹಾಕುವುದಿದ್ದರೆ ಟ್ರಾನ್ಸಾಕ್ಷನ್ ಶುರು ಮಾಡಿ, ನೋಡಿ, ರೋಲ್‌ಬ್ಯಾಕ್ ಮಾಡಿ, ಅಂದರೆ ಆದ ಬದಲಾವಣೆಯನ್ನು ರದ್ದು ಮಾಡಿ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಬಂದವು. ಮೂರನ್ನು ಇಲ್ಲಿ ಕೊಡುತ್ತೇನೆ.

ಬಿಸಿಎ ಓದುವ ಹುಡುಗಿಯೊಬ್ಬಳು ಕೇಳಿದಳು: "ಅಣ್ಣ, ಹಾಗಾದ್ರೆ ಸಬ್‌ಕ್ವೆರಿ ಬರೆಯಲೇಬಾರದಾ?"

ಬರೆಯಬೇಕು. ನಾನು ಬೇಡ ಎಂದದ್ದು ನಕಲನ್ನು. ಈ ವರ್ಷ ಒಂದಾದರೂ ಚೀಟಿ ಮಾಡಿಸಿದ ಸದಸ್ಯರು ಯಾರು ಎಂಬುದಕ್ಕೆ, ಸಾಲು ಇದೆಯೇ ಎಂದಷ್ಟೇ ಕೇಳುವ 'ಎಕ್ಸಿಸ್ಟ್ಸ್' ಸಬ್‌ಕ್ವೆರಿಯಷ್ಟು ಸರಿಯಾದದ್ದು ಇನ್ನೊಂದಿಲ್ಲ. ಅಲ್ಲಿ ಜಾಯಿನ್ ಹಾಕಿದರೆ 50 ಚೀಟಿ ಇದ್ದವನ ಹೆಸರು 50 ಸಲ ಬರುತ್ತದೆ. ಚೀಟಿ ಮಾಡಿಸದವರು ಯಾರು ಎಂದು ಕೇಳುವಾಗ 'ನಾಟ್ ಎಕ್ಸಿಸ್ಟ್ಸ್' ಬರೆಯಿರಿ. 'ನಾಟ್ ಇನ್' ಬೇಡ. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರ ಪೂರ್ತಿ ಖಾಲಿ ಬರುತ್ತದೆ.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ಪ್ರಶ್ನೆ: "ಒಂದೇ ಕ್ವೆರಿಯೊಳಗೆ ಸರಿ. ಹತ್ತು ರಿಪೋರ್ಟಿನಲ್ಲಿ ಇದೇ ಬೇರೀಜು ಬೇಕಾದರೆ ಎಂತ ಮಾಡುವುದು?"

ಆಗ ವ್ಯೂ, ಅಂದರೆ ಹೆಸರಿಟ್ಟು ಡೇಟಾಬೇಸ್‌ನಲ್ಲೇ ಉಳಿಸಿದ ಕ್ವೆರಿ, ಮಾಡಬೇಕು. ವಿತ್ ಒಂದು ಕ್ವೆರಿಯೊಳಗಿನ ಹೆಸರು, ವ್ಯೂ ಇಡೀ ಡೇಟಾಬೇಸ್‌ಗೆ ಹೆಸರು. 'ರದ್ದಾಗದ ಖರೀದಿ' ಎಂದು ಒಂದು ವ್ಯೂ ಇದ್ದಿದ್ದರೆ ನನ್ನ ಬೋನಸ್ ಪಟ್ಟಿಯ ತಪ್ಪೇ ಆಗುತ್ತಿರಲಿಲ್ಲ. ಆದರೆ ವ್ಯೂ ಮೇಲೆ ವ್ಯೂ, ಅದರ ಮೇಲೆ ಇನ್ನೊಂದು ವ್ಯೂ ಎಂದು ಕಟ್ಟುತ್ತಾ ಹೋದರೆ ಕೆಳಗೆ ಏನಿದೆ ಎಂಬುದೇ ಮರೆತುಹೋಗುತ್ತದೆ. ನಾನು ಎರಡು ಅಂತಸ್ತಿಗೆ ನಿಲ್ಲಿಸುತ್ತೇನೆ. ಲೆಕ್ಕ ತುಂಬಾ ದೊಡ್ಡದಾದರೆ ಉತ್ತರವನ್ನೇ ಉಳಿಸಿಡುವ ಮೆಟೀರಿಯಲೈಸ್ಡ್ ವ್ಯೂ ಇದೆ, ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನು ನಾವೇ ರಿಫ್ರೆಶ್ ಮಾಡಬೇಕು. ಬೆಳಿಗ್ಗೆ ರಿಫ್ರೆಶ್ ಮಾಡಿದ್ದರೆ ಮಧ್ಯಾಹ್ನದ ಚೀಟಿ ಅದರಲ್ಲಿ ಇರುವುದಿಲ್ಲ.

ಕೊನೆಯದ್ದು ಸಂಘವೊಂದರಲ್ಲಿ ಕೆಲಸ ಮಾಡುವ ತರುಣನದ್ದು: "ಹಳೆ ಕ್ವೆರಿ ನಡೀತಾ ಉಂಟು. ಬದಲಾಯಿಸಿದ ಮೇಲೆ ಉತ್ತರ ಅದೇ ಬರ್ತದಾ ಅಂತ ಹೇಗೆ ಗೊತ್ತಾಗೋದು?"

ಎರಡನ್ನೂ ಒಟ್ಟಿಗೆ ಓಡಿಸಿ. ಹಳೆಯದರ ಉತ್ತರದಿಂದ ಹೊಸದರ ಉತ್ತರವನ್ನು 'ಎಕ್ಸೆಪ್ಟ್' ಹಾಕಿ ಕಳೆಯಿರಿ. ಆಮೇಲೆ ತಿರುಗಿಸಿ, ಹೊಸದರಿಂದ ಹಳೆಯದನ್ನು ಕಳೆಯಿರಿ. ಎರಡೂ ಖಾಲಿ ಬರಬೇಕು. ಎಕ್ಸೆಪ್ಟ್ ನಕಲು ಸಾಲುಗಳನ್ನು ಒಂದೇ ಎಂದು ಎಣಿಸುತ್ತದೆ, ಹಾಗಾಗಿ ಸಾಲುಗಳ ಸಂಖ್ಯೆಯನ್ನೂ ಹೋಲಿಸಿ, ಅಥವಾ 'ಎಕ್ಸೆಪ್ಟ್ ಆಲ್' ಹಾಕಿ. ಮೈಎಸ್‌ಕ್ಯೂಎಲ್‌ನಲ್ಲಿ ಇದು 8.0.31ರಿಂದ ಸಿಗುತ್ತದೆ. ಖಾಲಿ ಬರದಿದ್ದರೆ ಹೊಸದೇ ತಪ್ಪು ಎಂದು ತೀರ್ಮಾನಿಸಬೇಡಿ. ಒಂದೊಂದು ಸಾಲನ್ನೂ ಚೀಟಿ ಪುಸ್ತಕದ ಜೊತೆ ಹಿಡಿದು ನೋಡಿ.

ಬೋನಸ್ ಪಟ್ಟಿಯನ್ನು ತಿದ್ದಿದ ರಾತ್ರಿ ನಾನು ಇದನ್ನೇ ಮಾಡಿದೆ. ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದ 14 ಸಾಲು ಬಂತು. ಬೆಳಿಗ್ಗೆ ಸಂಘಕ್ಕೆ ಹೋಗಿ ಆ 14 ಜನರ ಚೀಟಿ ತೆಗೆಸಿದೆ. 13 ಜನರಲ್ಲಿ ರದ್ದಾದ ಚೀಟಿ ಇತ್ತು, ಲೆಕ್ಕ ಸರಿಯಾಗಿತ್ತು. ಒಬ್ಬರದ್ದು ಮಾತ್ರ ಬೇರೆ. ಅವರ ಚೀಟಿಯೇ ರದ್ದಾಗಿರಲಿಲ್ಲ, ಪಕ್ಕದ ನಂಬರಿನ ಬದಲು ಅವರದ್ದಕ್ಕೆ ಗುರುತು ಬಿದ್ದಿತ್ತು. ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದ ಹಿರಿಯರೇ ಅವರು. 62 ಕಿಲೋದ ಚೀಟಿ. ಅದನ್ನು ಸೇರಿಸಿದರೆ 532. ಹೊಸ ಪಟ್ಟಿಯಲ್ಲಿ ಅವರ ಹೆಸರು ಉಳಿಯಿತು.